ಮೇಷ್ಟ್ರ ಪದ್ಮಿನಿ ಕಾರಿನ ಕಾಯಿಲ್ ಮೂರು ಸಲ ಯಾಕೆ ಹೋಯಿತು?



ನಮ್ಮ ವಿಜ್ಞಾನ ಪಾಠದಲ್ಲಿ ವಿದ್ಯುತ್ತಿನ ಬಗ್ಗೆ ಎರಡು ವಿಷಯ ಓದಿದ್ದೇವೆ. ತಂತಿಯಲ್ಲಿ ಕರೆಂಟು ಹರಿದರೆ ತಂತಿ ಬಿಸಿಯಾಗುತ್ತದೆ. ತಂತಿಯನ್ನು ಕಬ್ಬಿಣದ ಮೊಳೆಗೆ ಸುತ್ತಿ ಕರೆಂಟು ಹರಿಸಿದರೆ ಮೊಳೆ ಅಯಸ್ಕಾಂತವಾಗುತ್ತದೆ. ಮೊಳೆಯ ಪ್ರಯೋಗವನ್ನು ನಾವೆಲ್ಲ ಮಾಡಿ ಗುಂಡುಸೂಜಿ ಎತ್ತಿದ್ದೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈ ಎರಡು ವಿಷಯಗಳು ಒಂದೇ ಡಬ್ಬಿಯೊಳಗೆ ಸೇರಿಕೊಂಡು ನಮ್ಮ ದೊಡ್ಡಪ್ಪನ ಮಾನ ತೆಗೆಯುವ ಹಾಗೆ ಆಗಿತ್ತು. ಅದನ್ನು ಟೀಚರಿಗೆ ಹೇಳಿದಾಗ, "ಹಾಗಾದ್ರೆ ಈ ತಿಂಗಳ ಗೋಡೆ ಪತ್ರಿಕೆಗೆ ಅದನ್ನೇ ಬರಿ, ಒಂದೂ ಬಿಡದೆ ಬರಿ" ಅಂದರು. ಒಂದೂ ಬಿಡದೆ ಅಂದಿದ್ದಕ್ಕೆ ನನ್ನ ತಪ್ಪನ್ನೂ ಬರೆಯಬೇಕಾಯಿತು. ಅದು ಮುಂದೆ ಬರುತ್ತದೆ.

ನಮ್ಮ ದೊಡ್ಡಪ್ಪನ ಗ್ಯಾರೇಜು ದೊಡ್ಡಬಳ್ಳಾಪುರ ರಸ್ತೆಯಲ್ಲಿ ಇದೆ. ಗ್ಯಾರೇಜು ಅಂದರೆ ನಾಲ್ಕು ಕಂಬ, ಮೇಲೆ ತಗಡು, ಒಂದು ಹೊಂಗೆ ಮರ. ಈಗಿನ ಕಾರುಗಳಿಗೆ ಒಂದೊಂದು ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಇರುತ್ತದೆ, ಕಂಪ್ಯೂಟರ್ ಹಚ್ಚಿ ದೋಷ ನೋಡುತ್ತಾರೆ. ಅಂಥವು ಯಲಹಂಕದ ದೊಡ್ಡ ವರ್ಕ್‌ಶಾಪುಗಳಿಗೆ ಹೋಗುತ್ತವೆ. ದೊಡ್ಡಪ್ಪನ ಹತ್ತಿರ ಬರುವುದು ಹಳೇ ಮಾರುತಿ, ಅಂಬಾಸಿಡರ್, ಮತ್ತೆ ಒಂದೇ ಒಂದು ಪದ್ಮಿನಿ.

ಪದ್ಮಿನಿ ಕಾರು ನೋಡಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು ಮೂಲದಲ್ಲಿ ಇಟಲಿ ದೇಶದ ಫಿಯೆಟ್ 1100. ಮುಂಬೈಯ ಪ್ರೀಮಿಯರ್ ಕಂಪನಿಯವರು 1964ರಿಂದ ಇದನ್ನು ಇಲ್ಲಿ ತಯಾರಿಸಿದರು. 1970ರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಬಂತು. ಎಂಜಿನ್ 1089 ಸಿ.ಸಿ., ನಾಲ್ಕು ಸಿಲಿಂಡರ್. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿ ಎಂದರೆ ಇದೇ. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ನಮ್ಮೂರಿನದು ಇನ್ನೂ ಓಡುತ್ತಿದೆ.

ಈ ಕಾರು ನಮ್ಮೂರಿನ ರಿಟೈರಾದ ಮೇಷ್ಟ್ರದು. ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಮಗ್ಗಿ ಕಲಿಸಿದವರು. ಅವರ ಮನೆಯ ಅಜ್ಜಿಗೆ ಮಂಡಿ ಆಪರೇಷನ್ ಆಗಿದೆ. ವಾರಕ್ಕೆ ಎರಡು ಸಲ ಆರ್.ಟಿ.ನಗರಕ್ಕೆ ಕರೆದುಕೊಂಡು ಹೋಗಿ ಕಾಲಿಗೆ ವ್ಯಾಯಾಮ ಮಾಡಿಸಬೇಕು. ಅಜ್ಜಿ ಕಾಲು ಮಡಿಸಿ ಕೂರುವ ಹಾಗಿಲ್ಲ, ಆದ್ದರಿಂದ ಬಸ್ಸು ಆಟೋ ಆಗುವುದಿಲ್ಲ. ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕಾಲು ಚಾಚಿಕೊಂಡು ಹೋಗುತ್ತಾರೆ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ದೊಡ್ಡಪ್ಪ ಹೋಗಿ ನೋಡಿದರು, ಕಿಡಿ ಇಲ್ಲ, ಕಾಯಿಲ್ ಹೋಗಿದೆ. ಅದು ತುಂಬಾ ಹಳೇ ಕಾಯಿಲ್, ಹೋಗಿದ್ದರಲ್ಲಿ ಆಶ್ಚರ್ಯ ಇರಲಿಲ್ಲ. ನಾನು ಯಲಹಂಕಕ್ಕೆ ಬಸ್ಸಿನಲ್ಲಿ ಹೋಗಿ ಹೊಸದು ತಂದೆ. ಹಾಕಿದರು, ಓಡಿತು. ಹತ್ತೊಂಬತ್ತು ದಿನ ಆದ ಮೇಲೆ ಹೆಬ್ಬಾಳದ ಫ್ಲೈಓವರ್ ಹತ್ತುವ ಮುಂಚೆ ಟ್ರಾಫಿಕ್ಕಿನ ಮಧ್ಯೆ ನಿಂತುಹೋಯಿತು. ಹಿಂದೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವಂತೆ, ಒಳಗೆ ಅಜ್ಜಿ, ಮೇಲೆ ಬಿಸಿಲು. ಯಾರೋ ಇಬ್ಬರು ಹುಡುಗರು ಬದಿಗೆ ತಳ್ಳಿಕೊಟ್ಟರು. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು. ಮನೆಗೆ ಬರುವುದರೊಳಗೆ ಮತ್ತೆ ಎರಡು ಸಲ ನಿಂತಿತು.

ಈಗ ಕಾಯಿಲ್ ಎಂದರೇನು ಅಂತ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿ ಬೆರೆತು ಒತ್ತಿಕೊಂಡಿರುತ್ತದೆ. ಅದಕ್ಕೆ ಬೆಂಕಿ ಹಚ್ಚುವುದು ಸ್ಪಾರ್ಕ್ ಪ್ಲಗ್. ಪ್ಲಗ್ಗಿನ ತುದಿಯಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ ಸಂದು ಇದೆ. ಅಷ್ಟೇನಾ ಅನ್ನಬೇಡಿ. ಒತ್ತಿಕೊಂಡ ಗಾಳಿಯಲ್ಲಿ ಆ ಸಂದನ್ನು ಕಿಡಿ ದಾಟಬೇಕಾದರೆ ಸಾವಿರಾರು ವೋಲ್ಟು ಬೇಕು. ಕಾರಿನ ಬ್ಯಾಟರಿಯಲ್ಲಿ ಇರುವುದು ಬರೀ 12 ವೋಲ್ಟು. ಈ 12 ವೋಲ್ಟನ್ನು 20 ಸಾವಿರ ವೋಲ್ಟಿನವರೆಗೆ ಏರಿಸುವ ಡಬ್ಬಿಯೇ ಕಾಯಿಲ್. ನೋಡಲು ನೀರು ಕುಡಿಯುವ ಲೋಟದಷ್ಟು ದೊಡ್ಡದು, ಒಳಗೆ ಎಣ್ಣೆ ತುಂಬಿರುತ್ತದೆ.

ಒಳಗೆ ಕಬ್ಬಿಣದ ತಿರುಳು, ಅದರ ಸುತ್ತ ಎರಡು ತಾಮ್ರದ ತಂತಿ. ಒಂದು ದಪ್ಪ, ಕೆಲವು ನೂರು ಸುತ್ತು. ಇನ್ನೊಂದು ಕೂದಲಿನಂತೆ ಸಣ್ಣ, ಸುಮಾರು ನೂರು ಪಟ್ಟು ಹೆಚ್ಚು ಸುತ್ತು. ದಪ್ಪ ತಂತಿಯಲ್ಲಿ ಬ್ಯಾಟರಿಯ ಕರೆಂಟು ಹರಿದಾಗ ತಿರುಳು ಅಯಸ್ಕಾಂತವಾಗುತ್ತದೆ, ನಮ್ಮ ಮೊಳೆಯ ಹಾಗೆ. ಆ ಕರೆಂಟನ್ನು ಪಟ್ಟನೆ ನಿಲ್ಲಿಸಿದರೆ ಅಯಸ್ಕಾಂತ ಕುಸಿಯುತ್ತದೆ. ಕುಸಿಯುವಾಗ ಎರಡು ತಂತಿಯಲ್ಲೂ ವೋಲ್ಟೇಜು ಹುಟ್ಟುತ್ತದೆ. ದಪ್ಪ ತಂತಿಯಲ್ಲಿ ಇನ್ನೂರು ಮುನ್ನೂರು ವೋಲ್ಟು, ಸಣ್ಣ ತಂತಿಯಲ್ಲಿ ಅದರ ನೂರು ಪಟ್ಟು. ಅಯಸ್ಕಾಂತ ಬದಲಾದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಅಂತ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದರು. ಅದನ್ನು ಬ್ಯಾಟರಿ ಜೊತೆ ಸೇರಿಸಿ ಕಾರಿಗೆ ಅಳವಡಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್, 1910ರ ಕ್ಯಾಡಿಲಾಕ್ ಕಾರಿನಲ್ಲಿ. ಮೇಷ್ಟ್ರ ಪದ್ಮಿನಿಯಲ್ಲಿ ಇರುವುದು ಅದೇ ಉಪಾಯ.

ಪಟ್ಟನೆ ನಿಲ್ಲಿಸಿದರೆ ವೋಲ್ಟು ಯಾಕೆ ಏರಬೇಕು ಅಂತ ನನಗೆ ಬಹಳ ದಿನ ತಿಳಿಯಲಿಲ್ಲ. ದೊಡ್ಡಪ್ಪ ತೋಟದಲ್ಲಿ ತೋರಿಸಿದರು. ಬೋರ್‌ವೆಲ್ ಪೈಪಿನಲ್ಲಿ ನೀರು ಜೋರಾಗಿ ಹೋಗುತ್ತಿರುವಾಗ ವಾಲ್ವನ್ನು ಒಂದೇ ಏಟಿಗೆ ಮುಚ್ಚಿದರೆ ಪೈಪು ದಡ್ ಅಂತ ಒದೆಯುತ್ತದೆ. ಹರಿಯುವ ನೀರಿಗೆ ನಿಲ್ಲುವುದಕ್ಕೆ ಮನಸ್ಸಿಲ್ಲ, ಅದಕ್ಕೇ ಒದೆಯುತ್ತದೆ. ಕಾಯಿಲಿನಲ್ಲಿ ಕರೆಂಟಿಗೂ ಹಾಗೇ.

ಈ ವಾಲ್ವಿನ ಕೆಲಸ ಮಾಡುವುದು ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್. ಪಾಯಿಂಟ್ ಮುಚ್ಚಿದಾಗ ಕರೆಂಟು ಹರಿಯುತ್ತದೆ, ತೆರೆದಾಗ ನಿಲ್ಲುತ್ತದೆ, ಕಿಡಿ ಬರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತು ತಿರುಗಿದರೆ ಎರಡು ಕಿಡಿ. ನಿಮಿಷಕ್ಕೆ 3000 ಸುತ್ತು ಅಂದರೆ 6000 ಕಿಡಿ, ಸೆಕೆಂಡಿಗೆ 100. ಒಂದು ಕಾಯಿಲ್ ಎಷ್ಟು ದುಡಿಯುತ್ತದೆ ನೋಡಿ.

ಈಗ ಕಥೆಗೆ ಬರುತ್ತೇನೆ. ಕಾರು ಬಿಸಿಯಾದಾಗ ನಿಂತು, ತಣ್ಣಗಾದಾಗ ಓಡಿದರೆ ಹಳೇ ಡ್ರೈವರುಗಳು ಮೊದಲು ಹೇಳುವುದು ಪೆಟ್ರೋಲು ಕುದ್ದಿದೆ ಅಂತ. ಪಂಪಿನಲ್ಲಿ, ಪೈಪಿನಲ್ಲಿ ಪೆಟ್ರೋಲು ಆವಿಯಾಗಿ ಗುಳ್ಳೆ ಕಟ್ಟಿಕೊಳ್ಳುತ್ತದೆ, ಮುಂದೆ ಹೋಗುವುದಿಲ್ಲ. ಅದಕ್ಕೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಾರೆ. ಮೇಷ್ಟ್ರೂ ಹೆಬ್ಬಾಳದಲ್ಲಿ ಅದನ್ನೇ ಮಾಡಿದ್ದರು. ದೊಡ್ಡಪ್ಪ ಬೇರೆ ಮಾಡಿದರು. ಶೆಡ್ಡಿನಲ್ಲಿ ಎಂಜಿನ್ ಓಡಲು ಬಿಟ್ಟು, ನಿಂತ ತಕ್ಷಣ ಕಿಡಿ ನೋಡಿದರು. ಕಿಡಿ ಇರಲಿಲ್ಲ. ಪೆಟ್ರೋಲು ಕುದ್ದಿದ್ದರೆ ಕಿಡಿ ಇರಬೇಕಿತ್ತು. ಕೀ ಆಫ್ ಮಾಡಿ ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕದೆ ಕಾಯಿಲಿನ ಮೇಲೆ ಹಾಕಿದರು. ಬಟ್ಟೆಯಿಂದ ಹಬೆ ಬಂತು. ಐದಾರು ನಿಮಿಷಕ್ಕೆ ಕಾರು ಸ್ಟಾರ್ಟ್ ಆಯಿತು. ಕಾಯಿಲೇ ಹೋಗಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

(ಕಿಡಿ ನೋಡುವ ಕೆಲಸವನ್ನು ನಾವ್ಯಾರೂ ಮಾಡಬಾರದು. 20 ಸಾವಿರ ವೋಲ್ಟು ಒದ್ದರೆ ಮೊಣಕೈಯವರೆಗೂ ಜೋಮು ಹಿಡಿಯುತ್ತದೆ, ಹೃದಯ ದುರ್ಬಲ ಇರುವವರಿಗೆ ಅಪಾಯ. ಗಾಬರಿಯಲ್ಲಿ ಕೈ ಎಳೆದುಕೊಂಡು ಫ್ಯಾನಿಗೆ ಕೊಟ್ಟವರೂ ಇದ್ದಾರಂತೆ.)

ಅಂಗಡಿಗೆ ಫೋನ್ ಮಾಡಿ, "ಮೊನ್ನೆ ನಮ್ಮ ಹುಡುಗ್ರು ತಗೊಂಡು ಬಂದ್ರಲ್ಲ, ಅಂಥದ್ದೇ ಇನ್ನೊಂದು ಕೊಟ್ಟು ಕಳ್ಸಿ" ಅಂದರು. ಮೂರನೇ ಕಾಯಿಲ್ ಬಂತು. ಅದಕ್ಕೆ ದೊಡ್ಡಪ್ಪ ದುಡ್ಡು ತೆಗೆದುಕೊಳ್ಳಲಿಲ್ಲ. ಹನ್ನೊಂದು ದಿನಕ್ಕೆ ಅದೂ ಹೋಯಿತು. ಈ ಸಲ ಮೇಖ್ರಿ ಸರ್ಕಲ್ ಹತ್ತಿರ.

ಮೇಷ್ಟ್ರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅವರ ಮಗ ಬಂದು, "ಅಪ್ಪಾಜಿ, ಈ ಗಾಡಿ ಸಾಕು, ಸೋಮವಾರ ಗುಜರಿಯವ್ರಿಗೆ ಹೇಳಿದ್ದೀನಿ" ಅಂದರು. ದೊಡ್ಡಪ್ಪನ ಕಡೆ ತಿರುಗಿ, "ನಿಮ್ಗೂ ವಯಸ್ಸಾಯ್ತು ಬಿಡಿ" ಅಂದರು. ದೊಡ್ಡಪ್ಪ ಆ ರಾತ್ರಿ ಊಟ ಅರ್ಧಕ್ಕೇ ಎದ್ದರು. ದೊಡ್ಡಮ್ಮ ನನ್ನನ್ನು ನೋಡಿದರು, ನಾನು ತಟ್ಟೆ ನೋಡಿದೆ. ಅವತ್ತು ಬುಧವಾರ.

ಗುರುವಾರ ಸಾಯಂಕಾಲ ಮೇಷ್ಟ್ರ ಮನೆಗೆ ಹೋಗಿ ಎಲ್ಲಿ ಎಲ್ಲಿ ನಿಂತಿತು, ಹೊರಟು ಎಷ್ಟು ಹೊತ್ತಾಗಿತ್ತು ಅಂತ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೇಷ್ಟ್ರು ಡೈರಿ ಬರೆಯುವವರು, ಎಲ್ಲಾ ಸರಿಯಾಗಿ ಹೇಳಿದರು. ಒಟ್ಟು ಏಳು ಸಲ ನಿಂತಿತ್ತು. ಹೆಬ್ಬಾಳದಲ್ಲಿ ಮೂರು, ಮೇಖ್ರಿ ಸರ್ಕಲ್‌ನಲ್ಲಿ ಎರಡು, ಆರ್.ಟಿ.ನಗರದ ಒಳಗೆ ಒಂದು, ಇನ್ನೊಂದು ಸಲ ಈರುಳ್ಳಿ ತರಲು ಹೋದಾಗ ಯಶವಂತಪುರದ ಆರ್.ಎಂ.ಸಿ. ಯಾರ್ಡಿನ ಗೇಟಿನಲ್ಲಿ. ನಮ್ಮೂರಿನಿಂದ ಯಲಹಂಕದವರೆಗೆ ಒಂದು ಸಲವೂ ನಿಂತಿಲ್ಲ. ನಡುವೆ ಒಂದು ದಿನ ದೊಡ್ಡಬಳ್ಳಾಪುರಕ್ಕೂ ಹೋಗಿ ಬಂದಿದ್ದರು, ಆವತ್ತೂ ನಿಂತಿಲ್ಲ.

ದೊಡ್ಡಪ್ಪನಿಗೆ ತೋರಿಸಿದೆ. "ಜೋರಾಗಿ ಓಡಿದಾಗ ಸರಿ ಇದೆ, ಆಮೆ ಥರ ಹೋದಾಗ ಸಾಯ್ತದೆ" ಅಂದರು. ಮೊದಲು ಅವರು ಅಂದುಕೊಂಡಿದ್ದು ಟ್ರಾಫಿಕ್ಕಿನಲ್ಲಿ ಗಾಳಿ ಬರಲ್ಲ, ಅದಕ್ಕೆ ಬಿಸಿ ಅಂತ. ಅದು ಅರ್ಧ ನಿಜ. ಇನ್ನರ್ಧ ಹೀಗಿದೆ. ಪಾಯಿಂಟ್ ಮುಚ್ಚಿದ ಕೂಡಲೇ ಕರೆಂಟು ಪೂರ್ತಿ ಬರುವುದಿಲ್ಲ, ಗದ್ದೆಗೆ ಬಿಟ್ಟ ನೀರಿನಂತೆ ಏರುತ್ತಾ ಬರುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಅದು ಏರಿ ಮುಗಿಯುವ ಮುಂಚೆಯೇ ಪಾಯಿಂಟ್ ತೆರೆಯುತ್ತದೆ. ನಿಧಾನಕ್ಕೆ ತಿರುಗುವಾಗ, ಅಂದರೆ ಸ್ಲೋ ಸ್ಪೀಡಿನಲ್ಲಿ ಸೆಕೆಂಡಿಗೆ 27 ಕಿಡಿ ಮಾತ್ರ ಇರುವಾಗ, ಕರೆಂಟು ಪೂರ್ತಿ ಏರಿ ಅಲ್ಲೇ ನಿಂತು ತಂತಿಯನ್ನು ಬಿಸಿ ಮಾಡುತ್ತಿರುತ್ತದೆ. ಹಾಗಾಗಿ ಹೆಬ್ಬಾಳದ ಸಾಲಿನಲ್ಲಿ ಕಾಯಿಲಿಗೆ ಎರಡು ಕಡೆಯಿಂದ ಕಷ್ಟ.

ಆದರೆ ಹೆಬ್ಬಾಳದಲ್ಲಿ ಎಷ್ಟೋ ಹಳೇ ಕಾರುಗಳು ನಿಂತು ಹೋಗುತ್ತವೆ. ಈ ಕಾರೇ ಹಳೇ ಕಾಯಿಲಿನಲ್ಲಿ ವರ್ಷಗಟ್ಟಲೆ ಹೋಗಿ ಬಂದಿದೆ. ಹಾಗಾದರೆ ಈಗೇನು ಹೊಸದು?

ಶುಕ್ರವಾರ ಒಂದೊಂದೇ ನೋಡಿದೆವು. ಮೊದಲು ಚಾರ್ಜಿಂಗ್. ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟು 16 ವೋಲ್ಟು ಬರುತ್ತಿದ್ದರೆ ಕಾಯಿಲ್ ಮಾತ್ರ ಅಲ್ಲ, ಬಲ್ಬು ಬ್ಯಾಟರಿ ಎಲ್ಲಾ ಹೋಗುತ್ತದೆ. ಮೀಟರಿನಲ್ಲಿ 14.1 ಬಂತು. ಸರಿ ಇದೆ. ಆಮೇಲೆ ಪ್ಲಗ್ ವೈರುಗಳು. ವೈರು ಒಳಗೆ ತುಂಡಾಗಿದ್ದರೆ ಕಿಡಿಗೆ ದಾರಿ ಸಿಗದೆ ವೋಲ್ಟು ಏರಿ ಏರಿ ಕಾಯಿಲಿನ ಒಳಗೇ ಹಾರಿ ಅದನ್ನು ತೂತು ಮಾಡುತ್ತದೆ. ನಾಲ್ಕೂ ವೈರು ಸರಿ ಇದ್ದವು. ಒಂದು ಪ್ಲಗ್ಗಿನ ಸಂದು ಸ್ವಲ್ಪ ಅಗಲವಾಗಿತ್ತು, ಸರಿ ಮಾಡಿದರು, ಆದರೆ "ಇಷ್ಟಕ್ಕೇ ಎರಡೆರಡು ಕಾಯಿಲ್ ಸಾಯಲ್ಲ" ಅಂದರು. ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲಿ ಬಿರುಕು ಇಲ್ಲ. ಪಾಯಿಂಟ್ ಮಾತ್ರ ಸುಟ್ಟು ನೀಲಿಯಾಗಿ ಗುಳಿ ಬಿದ್ದಿತ್ತು. ಇದು ಎರಡನೇ ಸಲ. ಹೋದ ತಿಂಗಳೂ ಹೊಸ ಪಾಯಿಂಟ್ ಹಾಕಿ, ಕಂಡೆನ್ಸರ್ ಮೇಲೆ ತಪ್ಪು ಹೊರಿಸಿ ಅದನ್ನೂ ಬದಲಾಯಿಸಿದ್ದರು.

ಇನ್ನೊಂದು ಅನುಮಾನ ಇತ್ತು, ಅದನ್ನು ಕೇಳಲು ದೊಡ್ಡಪ್ಪನಿಗೆ ಬಾಯಿ ಬರಲಿಲ್ಲ. ಎಂಜಿನ್ ನಿಲ್ಲಿಸಿ ಕೀ ಆನ್‌ನಲ್ಲೇ ಬಿಟ್ಟರೆ, ಪಾಯಿಂಟ್ ಮುಚ್ಚಿದ ಜಾಗದಲ್ಲಿ ನಿಂತಿದ್ದರೆ, ಕರೆಂಟು ಒಂದೇ ಸಮ ಹರಿದು ಕಾಯಿಲ್ ಬೇಯುತ್ತದೆ. ಮೇಷ್ಟ್ರು ಅಜ್ಜಿಗೆ ಕಾಯುತ್ತಾ ಕಾರಿನಲ್ಲಿ ಕೂತು ಆಕಾಶವಾಣಿ ಕೇಳುತ್ತಾರೆ. ರೇಡಿಯೋಗೆ ಕೀ ಆನ್ ಮಾಡುತ್ತಾರಾ? ತಮಗೆ ಕಲಿಸಿದ ಮೇಷ್ಟ್ರನ್ನು ಹಾಗೆ ಹೇಗೆ ಕೇಳುವುದು ಅಂತ ದೊಡ್ಡಪ್ಪ ನನ್ನನ್ನು ಕಳಿಸಿದರು. ನಾನು ಕೇಳಿದೆ. ಮೇಷ್ಟ್ರು ನಕ್ಕು, "ರೇಡಿಯೋ ವೈರು ನೇರ ಬ್ಯಾಟರಿಗೆ ಕೊಟ್ಟಿದೆ ಮಗು. ಅದನ್ನ ಹಾಕಿಕೊಟ್ಟವನು ನಿನ್ನ ದೊಡ್ಡಪ್ಪನೇ. ಕೀ ನನ್ನ ಜೇಬಲ್ಲೇ ಇರುತ್ತೆ" ಅಂದರು. ಬಂದು ಹೇಳಿದೆ. ದೊಡ್ಡಪ್ಪ ತಲೆ ಕೆರೆದುಕೊಂಡರು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಶೆಡ್ಡಿಗೆ ಹೋದೆ. ಹೋದ ಕಾಯಿಲ್‌ಗಳನ್ನು ದೊಡ್ಡಪ್ಪ ಮೀಟರಿನಲ್ಲಿ ನೋಡುತ್ತಿದ್ದರು. ಎರಡೂ ಸರಿ ಇವೆ ಅಂತ ಮೀಟರ್ ಹೇಳುತ್ತಿತ್ತು! ದಪ್ಪ ತಂತಿಯೂ ತುಂಡಾಗಿಲ್ಲ, ಸಣ್ಣ ತಂತಿಯೂ ತುಂಡಾಗಿಲ್ಲ. ಇಲ್ಲಿ ಒಂದು ಮಾತು ಗಮನಿಸಿ. ಮೀಟರಿನ ಒಳಗೆ ಇರುವುದು 9 ವೋಲ್ಟಿನ ಬ್ಯಾಟರಿ. ತಂತಿಯ ಮೇಲಿನ ವಾರ್ನಿಷು ಸುಟ್ಟಿದ್ದರೆ ಅಲ್ಲಿ ಕಿಡಿ ಹಾರುವುದು 20 ಸಾವಿರ ವೋಲ್ಟು ಬಂದಾಗ, ಅದೂ ಬಿಸಿ ಇದ್ದಾಗ. ತಣ್ಣಗಿರುವ ಕಾಯಿಲಿಗೆ 9 ವೋಲ್ಟು ಕೊಟ್ಟು ಕೇಳಿದರೆ ಅದು ಸತ್ಯ ಹೇಳುವುದಿಲ್ಲ. ಮೀಟರ್ ಸರಿ ಅಂದರೂ ಕಾಯಿಲ್ ಹೋಗಿರಬಹುದು, ಇದು ಗೊತ್ತಿರಬೇಕು.

ಎರಡು ಕಾಯಿಲಿನ ಬಾಯಿಯಿಂದಲೂ ಎಣ್ಣೆ ಜಿನುಗಿ ಮೈಮೇಲೆ ಧೂಳು ಹಿಡಿದು ಜಿಡ್ಡಾಗಿತ್ತು. ನನಗೆ ಸುಮ್ಮನೆ ಕೂರಲು ಆಗದೆ ಬಟ್ಟೆ ತೆಗೆದುಕೊಂಡು ಒರೆಸಿದೆ. ಕೆಳಗಡೆ ಚಿಕ್ಕ ಇಂಗ್ಲಿಷ್ ಅಕ್ಷರ ಕಂಡವು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ರೆಸಿಸ್ಟರ್ ಅಂತ ಒಂದು ಪದ. ಹೊರಗಡೆಯ ರೆಸಿಸ್ಟರ್ ಜೊತೆ ಮಾತ್ರ ಬಳಸಿ ಅಂತ ಅದರ ಅರ್ಥ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಓದಿ ಸುಮ್ಮನೆ ನನ್ನ ಮುಖ ನೋಡಿದರು. ಆಮೇಲೆ, "ಮಗ, ಆವತ್ತು ಹಳೇ ಕಾಯಿಲ್ ಅಂಗಡೀಲಿ ತೋರ್ಸಿದ್ಯಾ?" ಅಂತ ಕೇಳಿದರು.

ನಾನು ತೋರಿಸಿರಲಿಲ್ಲ. "ಹಳೇದನ್ನ ಕೈಯಲ್ಲಿ ಹಿಡ್ಕೊಂಡು ಹೋಗಿ ತೋರ್ಸಿ, ಇಂಥದ್ದೇ ಕೊಡಿ ಅನ್ನು" ಅಂತ ಫೆಬ್ರವರಿಯಲ್ಲೇ ಹೇಳಿದ್ದರು. ಅದು ಜಿಡ್ಡು ಜಿಡ್ಡಾಗಿತ್ತು, ನಾನು ಹೊಸ ಶರ್ಟು ಹಾಕಿದ್ದೆ. ಶೆಡ್ಡಿನ ಹಿಂದೆ ಟೈರಿನೊಳಗೆ ಇಟ್ಟು ಹೋದೆ. ಅಂಗಡಿಯಲ್ಲಿ 12 ವೋಲ್ಟಿನ ಕಾಯಿಲ್ ಕೊಡಿ ಅಂದೆ, ಅವರು ಕೊಟ್ಟರು. ಅವರು ಕೊಟ್ಟಿದ್ದು 12 ವೋಲ್ಟಿನ ಕಾರಿನದೇ, ನನ್ನ ಮಾತಿನ ಪ್ರಕಾರ ಸರಿಯಾಗೇ ಕೊಟ್ಟಿದ್ದಾರೆ. ಮೂರನೇ ಸಲ "ಅಂಥದ್ದೇ" ಅಂದಾಗ ತಪ್ಪಾದದ್ದೇ ಸ್ಯಾಂಪಲ್ ಆಯಿತು. ಇದನ್ನೆಲ್ಲ ಹೇಳುವಾಗ ನನ್ನ ಗಂಟಲು ಕಟ್ಟಿತು. ದೊಡ್ಡಪ್ಪ ಹೊಡೆಯಲಿಲ್ಲ. "ಆ ಹಳೇದು ಇನ್ನೂ ಇದ್ಯಾ?" ಅಂತಷ್ಟೇ ಕೇಳಿದರು. ಓಡಿಹೋಗಿ ನೋಡಿದೆ, ಟೈರಿನೊಳಗೇ ಇತ್ತು, ಮಳೆ ನೀರು ಸೇರಿತ್ತು.

ಅದನ್ನು ಒರೆಸಿ ಒಣಗಿಸಿ ಅಳೆದೆವು. ಕಡಿಮೆ ಓಮ್ ಅಳೆಯುವಾಗ ಮೊದಲು ಮೀಟರಿನ ಎರಡು ಕಡ್ಡಿಯನ್ನೇ ಒಂದಕ್ಕೊಂದು ಮುಟ್ಟಿಸಿ ನೋಡಬೇಕು. ನಮ್ಮ ಮೀಟರಿನಲ್ಲಿ ಆಗಲೇ 0.4 ತೋರಿಸುತ್ತದೆ, ಅದು ವೈರಿನದು, ಕಳೆಯಬೇಕು. ಹಳೇ ಕಾಯಿಲಿನ ದಪ್ಪ ತಂತಿ 3.5 ತೋರಿಸಿತು, ಕಳೆದರೆ 3.1 ಓಮ್. ಅದರ ಸಣ್ಣ ತಂತಿ ಮಾತ್ರ ತುಂಡಾಗಿತ್ತು, ಮೀಟರಿನ ಎಡ ಮೂಲೆಯಲ್ಲಿ ಬರೀ 1 ನಿಂತಿತು. ಅಂದರೆ ಮೊದಲನೆಯದು ವಯಸ್ಸಾಗಿ ಸತ್ತಿದೆ. ನಾನು ತಂದ ಕಾಯಿಲ್ 1.9, ಕಳೆದರೆ 1.5 ಓಮ್. ಮೂರನೆಯದೂ 1.5. ಇವೆರಡನ್ನು ನಾವು ಕೊಂದಿದ್ದೇವೆ.

ಯಾಕೆ ಎರಡು ಥರ ಇರುತ್ತದೆ? ಕೆಲವು ಕಾರುಗಳಲ್ಲಿ ಕಾಯಿಲಿಗೆ ಮುಂಚೆ ದಾರಿಯಲ್ಲಿ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಓಡುವಾಗ ಅರ್ಧ ವೋಲ್ಟನ್ನು ಅದು ನುಂಗಿ ಉಳಿದರ್ಧವನ್ನು ಕಾಯಿಲಿಗೆ ಬಿಡುತ್ತದೆ. ಸೆಲ್ಫ್ ಹೊಡೆಯುವಾಗ ಸ್ಟಾರ್ಟರ್ ಮೋಟಾರು ಬ್ಯಾಟರಿಯನ್ನು ಎಳೆದು ವೋಲ್ಟು ಇಳಿಯುತ್ತದಲ್ಲ, ಆಗ ಮಾತ್ರ ರೆಸಿಸ್ಟರನ್ನು ಬಳಸಿಕೊಂಡು ಹೋಗದೆ ಇನ್ನೊಂದು ವೈರಿನಿಂದ ನೇರ ಕೊಡುತ್ತಾರೆ. ಚಳಿಯಲ್ಲೂ ಕಿಡಿ ಚೆನ್ನಾಗಿ ಬರಲಿ ಅಂತ. ಅದು ಒಳ್ಳೇ ಏರ್ಪಾಡು. ಆದರೆ ಮೇಷ್ಟ್ರ ಕಾರಿನಲ್ಲಿ ಆ ರೆಸಿಸ್ಟರೇ ಇಲ್ಲ. ಇಲ್ಲ ಅಂತ ಹೇಗೆ ಗೊತ್ತಾಯಿತು ಅಂದರೆ, ಪಾಯಿಂಟ್ ಮುಚ್ಚಿಟ್ಟು ಕೀ ಒಂದು ಕ್ಷಣ ಆನ್ ಮಾಡಿ ಕಾಯಿಲಿನ ಪ್ಲಸ್ ತುದಿಯಲ್ಲಿ ಅಳೆದೆವು. ರೆಸಿಸ್ಟರ್ ಇದ್ದರೆ ಅರ್ಧದ ಹತ್ತಿರ ಬರಬೇಕು. ಬಂದಿದ್ದು 11.9, ಬ್ಯಾಟರಿಯದು 12.4.

ಲೆಕ್ಕ ಟೀಚರು ಮಾಡಿಸಿದರು. ಓಮನ ನಿಯಮ ನಮಗೆ ಹೈಸ್ಕೂಲಿನಲ್ಲಿ ಬರುತ್ತದೆ, ಆದರೆ ಭಾಗಾಕಾರ ಗೊತ್ತಿದ್ದರೆ ಸಾಕು. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್, ಅಂದರೆ ಬಿಸಿ. ಎಂಜಿನ್ ಓಡುವಾಗ 14 ವೋಲ್ಟು ಎಂದು ಇಟ್ಟುಕೊಳ್ಳಿ. 3 ಓಮಿನ ಕಾಯಿಲಿಗೆ ನಾಲ್ಕೂವರೆ ಆಂಪಿಯರಿಗಿಂತ ಸ್ವಲ್ಪ ಜಾಸ್ತಿ, ಸುಮಾರು 65 ವಾಟ್. 1.5 ಓಮಿನ ಕಾಯಿಲನ್ನು ರೆಸಿಸ್ಟರ್ ಜೊತೆ ಸರಿಯಾಗಿ ಹಾಕಿದ್ದರೆ ಅದಕ್ಕೆ ಸಿಗುವುದು 7 ವೋಲ್ಟು, ಅಷ್ಟೇ ಆಂಪಿಯರು, ಸುಮಾರು 33 ವಾಟ್. ನಾವು ರೆಸಿಸ್ಟರ್ ಇಲ್ಲದೆ ಹಾಕಿದ್ದರಿಂದ ಅದಕ್ಕೆ ಪೂರ್ತಿ 14 ವೋಲ್ಟು, 9 ಆಂಪಿಯರಿಗೂ ಮೇಲೆ, ಸುಮಾರು 130 ವಾಟ್. ಮೂವತ್ಮೂರು ತಾಳಲು ಮಾಡಿದ ಡಬ್ಬಿಗೆ ನೂರಾಮೂವತ್ತು, ನಾಲ್ಕು ಪಟ್ಟು! ಪಾಯಿಂಟ್ ಮುಚ್ಚಿ ತೆರೆಯುತ್ತಾ ಇರುವುದರಿಂದ ನಿಜವಾಗಿ ಇದಕ್ಕಿಂತ ಕಡಿಮೆ ಇರುತ್ತದೆ, ಆದರೆ ಸ್ಲೋ ಸ್ಪೀಡಿನಲ್ಲಿ ಹೋಲಿಕೆ ಹೆಚ್ಚುಕಡಿಮೆ ಹೀಗೇ. ಪಾಯಿಂಟ್ ಯಾಕೆ ನೀಲಿಯಾಗಿ ಸುಟ್ಟಿತ್ತು ಅನ್ನುವುದೂ ಇದರಲ್ಲೇ ಬಂತು. ಅದರ ಮೂಲಕವೂ ಎರಡು ಪಟ್ಟು ಕರೆಂಟು ಹೋಗುತ್ತಿತ್ತು. ಪಾಪ ಕಂಡೆನ್ಸರದು ಏನೂ ತಪ್ಪಿರಲಿಲ್ಲ.

ರೆಸಿಸ್ಟರ್ ತಂದು ಹಾಕಿದರೆ ಆಗಲ್ವಾ ಅಂತ ನಾನು ಕೇಳಿದೆ. ಆಗುತ್ತದೆ, ಆದರೆ ಸೆಲ್ಫ್ ಹೊಡೆಯುವಾಗ ನೇರ ಕೊಡುವ ವೈರನ್ನೂ ಎಳೆಯಬೇಕು, ಇಲ್ಲದಿದ್ದರೆ ಬೆಳಗಿನ ಚಳಿಗೆ ಕಿಡಿ ಸಾಲುವುದಿಲ್ಲ. "ಇಲ್ದೇ ಇರೋ ವೈರು ಎಳೆದು ಹೊಸ ತಾಪತ್ರಯ ಯಾಕೆ, ಕಾರಿನಲ್ಲಿ ಏನಿತ್ತೋ ಅದನ್ನೇ ಹಾಕಣ" ಅಂದರು ದೊಡ್ಡಪ್ಪ.

ಭಾನುವಾರ ಬೆಳಿಗ್ಗೆ ಹಳೇ ಕಾಯಿಲನ್ನು ಪೇಪರಿನಲ್ಲಿ ಸುತ್ತಿಕೊಂಡು, ಮೀಟರನ್ನೂ ಚೀಲದಲ್ಲಿ ಹಾಕಿಕೊಂಡು ದೊಡ್ಡಪ್ಪನ ಜೊತೆ ಜೆ.ಸಿ. ರೋಡಿಗೆ ಹೋಗೋಣ ಅಂತ ಹೊರಟೆ. ಯಲಹಂಕದಲ್ಲೇ ಇನ್ನೊಂದು ಅಂಗಡಿ ತೆರೆದಿತ್ತು, ಅಲ್ಲೇ ಸಿಕ್ಕಿತು. ಅಂಗಡಿಯವರ ಮೇಜಿನ ಮೇಲೇ ಅಳೆದೆ, 3.4, ಕಳೆದರೆ 3. ಅಂಗಡಿಯವರು "ಯಾವ ಕಾಲೇಜು?" ಅಂತ ಕೇಳಿದರು, ತಮಾಷೆಗೆ. ಮಧ್ಯಾಹ್ನ ಕಾಯಿಲ್, ಹೊಸ ಪಾಯಿಂಟ್ ಎರಡೂ ಹಾಕಿ ಸಂದು ಸರಿ ಮಾಡಿದರು. ಕಾಯಿಲಿನ ಕ್ಲಾಂಪನ್ನು ಉಜ್ಜಿ ಬಿಗಿ ಮಾಡಿದರು, ಸಡಿಲ ಇದ್ದರೆ ಅದುರುತ್ತದೆ, ಬಿಸಿ ಕೂಡ ಬಾಡಿಗೆ ಇಳಿಯುವುದಿಲ್ಲ.

ಆಮೇಲೆ ದೊಡ್ಡಪ್ಪ ಮೇಷ್ಟ್ರ ಮನೆಗೆ ಹೋದರು. ನಾನೂ ಹೋದೆ, ನಾನೇ ಹೇಳಬೇಕು ಅಂತ. ಅಂಗಡಿಗೆ ಹಳೇದನ್ನು ಒಯ್ಯದೆ ಹೋದದ್ದು ನಾನು, ದೊಡ್ಡಪ್ಪನದೇನೂ ತಪ್ಪಿಲ್ಲ ಅಂದೆ. ಮೇಷ್ಟ್ರ ಮಗನೂ ಅಲ್ಲೇ ಇದ್ದರು. ದೊಡ್ಡಪ್ಪ, "ಇಲ್ಲ ಸಾ, ಹಾಕೋ ಮುಂಚೆ ನಾನೂ ಒಂದ್ಸಲ ಅಳೀಬೇಕಿತ್ತು, ಒರೆಸಿ ಓದ್ಬೇಕಿತ್ತು" ಅಂದರು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಲೆಕ್ಕ ತೋರಿಸು ಅಂದರು. ನೋಟ್‌ಬುಕ್ ಕೊಟ್ಟೆ. ಒಂದು ಕಡೆ ಗುಣಾಕಾರ ತಪ್ಪಿತ್ತು, ಕೆಂಪು ಪೆನ್ನಿನಲ್ಲಿ ತಿದ್ದಿದರು. ಮಗನ ಕಡೆ ತಿರುಗಿ, "ಸೋಮವಾರದವ್ರಿಗೆ ಫೋನ್ ಮಾಡಿ ಬರ್ಬೇಡಿ ಅನ್ನು" ಅಂದರು.

ಹೋದ ಎರಡು ಕಾಯಿಲ್ ಮತ್ತು ಹಳೇದು, ಮೂರನ್ನೂ ನಮ್ಮ ವಿಜ್ಞಾನದ ಬೀರುವಿನಲ್ಲಿ ಇಟ್ಟಿದೆ. ಟೀಚರನ್ನು ಕೇಳಿ ನೋಡಬಹುದು, ಮೀಟರಿನಲ್ಲಿ ಅಳೆದೂ ನೋಡಬಹುದು. ಬಿಚ್ಚಬೇಡಿ, ಒಳಗಿನ ಎಣ್ಣೆ ಕೈಗೆ ಒಳ್ಳೆಯದಲ್ಲ. ಒರೆಸಿದ ಕಾಯಿಲಿನ ಕೆಳಗೆ ಆ ಚಿಕ್ಕ ಅಕ್ಷರ ಈಗಲೂ ಕಾಣುತ್ತದೆ.

ಮಂಗಳವಾರ ಮೇಷ್ಟ್ರು, ಅಜ್ಜಿ, ನಾನು ಆರ್.ಟಿ.ನಗರಕ್ಕೆ ಹೋಗಿ ಬಂದೆವು. ಶಾಲೆಗೆ ರಜಾ ಅರ್ಜಿ ಕೊಟ್ಟೇ ಹೋಗಿದ್ದೆ. ನೋಟ್‌ಬುಕ್ಕಿನಲ್ಲಿ ಆವತ್ತು ಬರೆದದ್ದು ಇಷ್ಟು: ಹೆಬ್ಬಾಳ, ಹೋಗುವಾಗ 35 ನಿಮಿಷ ಟ್ರಾಫಿಕ್, ನಿಲ್ಲಲಿಲ್ಲ. ಬರುವಾಗ 20 ನಿಮಿಷ, ನಿಲ್ಲಲಿಲ್ಲ. ಮನೆಗೆ ಬಂದು ಕೀ ತೆಗೆದ ಮೇಲೆ ಕಾಯಿಲ್ ಮುಟ್ಟಿದೆ. ಬಿಸಿ ಇದೆ, ಹತ್ತು ಎಣಿಸುವವರೆಗೆ ಕೈ ಇಡಬಹುದು.